ಹತ್ತು ಡರ್ಬಿ, ಒಂಬತ್ತು ಸೋಲು, ಒಂದು ಡ್ರಾ: ಈಸ್ಟ್ ಬೆಂಗಾಲ್–ಮೋಹನ್ ಬಗಾನ್ ಪೈಪೋಟಿ ಇನ್ನೂ ಉಳಿದಿದೆಯಾ?

ಮಶಾಲ್97

ಕೆಲವು ದಿನಗಳ ಹಿಂದೆ ಒಬ್ಬ ಹುಡುಗ ನನ್ನನ್ನು ಕೇಳಿದ. "ಅಣ್ಣ, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್‌ಗೆ ಬಂದ ಮೇಲೆ ಮೊದಲ ಐದು ಸೀಸನ್‌ನಲ್ಲಿ ನಿಮ್ಮವರು ಬಗಾನ್ ವಿರುದ್ಧ ಒಂದು ಮ್ಯಾಚೂ ಗೆದ್ದಿಲ್ಲ. ಹತ್ತು ಆಟ, ಒಂಬತ್ತು ಸೋಲು, ಒಂದು ಡ್ರಾ. ಒಬ್ಬರೇ ಗೆಲ್ಲುತ್ತಿದ್ದರೆ ಅದನ್ನು ಪೈಪೋಟಿ ಅಂತ ಹೇಗೆ ಕರೀತೀರಿ?"

ಅವನ ಲೆಕ್ಕ ಸರಿಯಾಗಿಯೇ ಇತ್ತು. ಆ ಹೊತ್ತಿಗೆ ನನ್ನ ಬಾಯಿಂದ ಮಾತು ಬರಲಿಲ್ಲ. ಅವತ್ತಿನಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು 1997ರಿಂದ ಈಸ್ಟ್ ಬೆಂಗಾಲ್ ಅಭಿಮಾನಿ. ಬಂಗಾಳಿ ಅಲ್ಲ. ಕೆಲಸದ ಮೇಲೆ ಕಲ್ಕತ್ತಾಗೆ ಹೋದೆ, ಆಗ ಊರಿಗೆ ಇನ್ನೂ ಅದೇ ಹೆಸರು. ಬಾಡಿಗೆಗೆ ಸಿಕ್ಕ ಕೋಣೆ ಒಂದು ಬಾಂಗಾಲ್ ಕುಟುಂಬದ ಮನೆಯ ಮಹಡಿಯಲ್ಲಿತ್ತು. ಹೊಸಬರಿಗಾಗಿ ಹೇಳುತ್ತೇನೆ: ಪೂರ್ವ ಬಂಗಾಳದಿಂದ, ಅಂದರೆ ಈಗಿನ ಬಾಂಗ್ಲಾದೇಶದ ಕಡೆಯಿಂದ ಬಂದವರು ಬಾಂಗಾಲ್. ಪಶ್ಚಿಮ ಬಂಗಾಳದಲ್ಲೇ ಬೇರು ಇರುವವರು ಘೋಟಿ. ಬಾಂಗಾಲರ ತಂಡ ಈಸ್ಟ್ ಬೆಂಗಾಲ್, ಘೋಟಿಗಳದು ಮೋಹನ್ ಬಗಾನ್. ಈಗ ಎಲ್ಲರೂ ಹಾಗೇ ಇದ್ದಾರೆ ಅಂತಲ್ಲ. ಆದರೆ ಗೆರೆ ಎಳೆದದ್ದು ಅಲ್ಲಿ. ನಾವು ಗೆದ್ದ ದಿನ ಊರಲ್ಲಿ ಇಲಿಷ್ ಮೀನಿಗೆ ಬೇಡಿಕೆ, ಬಗಾನ್ ಗೆದ್ದರೆ ಸಿಗಡಿಗೆ.

ಆ ಮನೆಯ ಅಜ್ಜಿ ಜೀವನದಲ್ಲಿ ಒಂದು ಮ್ಯಾಚನ್ನೂ ನೋಡಿದವರಲ್ಲ. ಆದರೆ ಡರ್ಬಿ ದಿನ, ಅಂದರೆ ಈ ಎರಡು ತಂಡಗಳ ಮ್ಯಾಚ್ ಇರುವ ದಿನ, ಸಂಜೆ ಮೆಟ್ಟಿಲ ಹತ್ತಿರ ಬಂದು ಕೂರುತ್ತಿದ್ದರು. ಒಳಗೆ ಬಂದವರನ್ನು ಮೊದಲು ಕೇಳುತ್ತಿದ್ದದ್ದು ಎಷ್ಟು ಗೋಲು ಅಂತ. ಅವರಿಗೆ ಫುಟ್‌ಬಾಲ್ ಮೇಲೆ ಇಷ್ಟು ಪ್ರೀತಿ ಹೇಗೆ ಅಂತ ಒಂದು ಸಲ ಅವರ ಮಗನನ್ನು ಕೇಳಿದೆ. ಅವರು ಹೇಳಿದ್ದು ನನಗೆ ಇವತ್ತಿಗೂ ಮರೆತಿಲ್ಲ. ಅಮ್ಮ 1947ರಲ್ಲಿ ಮನೆಗೆ ಬೀಗ ಹಾಕಿ ಬಂದವರು. ಅವರು ಹುಟ್ಟಿದ ನಾಡು ಮೊದಲು ಪೂರ್ವ ಪಾಕಿಸ್ತಾನ ಆಯ್ತು, ಆಮೇಲೆ ಬಾಂಗ್ಲಾದೇಶ ಆಯ್ತು. ಪೂರ್ವ ಬಂಗಾಳ ಅನ್ನೋ ಹೆಸರು ಈಗ ನಕಾಶೆಯಲ್ಲಿ ಇಲ್ಲ. ಪೇಪರಿನಲ್ಲಿ ಆ ಹೆಸರು ಬರೋದು ಕ್ರೀಡಾ ಪುಟದಲ್ಲಿ ಮಾತ್ರ.

ಅವತ್ತೇ ನಾನು ಕೆಂಪು-ಹಳದಿಯವನಾದೆ, ಈಸ್ಟ್ ಬೆಂಗಾಲ್ ಬಣ್ಣದವನಾದೆ ಅನ್ನಿಸುತ್ತೆ. ಆದರೆ ಅದು ನನಗೇ ಗೊತ್ತಾಗಿದ್ದು ಜುಲೈ 13ಕ್ಕೆ.

1997ರ ಜುಲೈ 13. ಫೆಡರೇಷನ್ ಕಪ್ ಸೆಮಿಫೈನಲ್, ಸಾಲ್ಟ್ ಲೇಕ್ ಕ್ರೀಡಾಂಗಣ. ಪ್ರೇಕ್ಷಕರ ಸಂಖ್ಯೆ 1,31,781. ಭಾರತದಲ್ಲಿ ಒಂದು ಫುಟ್‌ಬಾಲ್ ಪಂದ್ಯಕ್ಕೆ ಅಷ್ಟು ಜನ ಸೇರಿದ್ದು ಅದೇ ದಾಖಲೆ. ಆಗ ಬಗಾನ್ ಕೋಚ್ ಅಮಲ್ ದತ್ತ. ಅವರ 'ಡೈಮಂಡ್ ಸಿಸ್ಟಮ್' ಎದುರು ಸಿಕ್ಕ ತಂಡವನ್ನೆಲ್ಲ ಹೊಡೆದು ಹಾಕುತ್ತಿತ್ತು. ನಮ್ಮ ಕಡೆ ಪಿ.ಕೆ. ಬ್ಯಾನರ್ಜಿ. ಆಟಗಾರರಿಗೆ ಅವರು ಮಾತಿನಲ್ಲೇ ಬಲ ತುಂಬುತ್ತಿದ್ದರು. ಅದಕ್ಕೆ 'ವೋಕಲ್ ಟಾನಿಕ್' ಅಂತಲೇ ಹೆಸರಿತ್ತು. ಮ್ಯಾಚಿಗೆ ಮುಂಚೆ ದತ್ತ ನಮ್ಮ ಬೈಚುಂಗ್ ಭುಟಿಯಾನನ್ನು 'ಚುಂಗ್ ಚುಂಗ್' ಅಂತ ಕರೆದು ಹಗುರವಾಗಿ ಮಾತಾಡಿದ್ದರು. ಆ ಮಾತು ಊರಿಡೀ ಹರಡಿತ್ತು.

ನನ್ನ ಮನೆ ಓನರ್ ಜೊತೆ ಹೋದೆ. ಕಾಂಕ್ರೀಟ್ ಮೆಟ್ಟಿಲ ಮೇಲೆ ಭುಜಕ್ಕೆ ಭುಜ ತಾಗಿಸಿ ನಿಂತಿದ್ದೆವು. ಕೂರೋಕೆ ಜಾಗ ಎಲ್ಲಿತ್ತು? ನಜಿಮುಲ್ ಹಕ್ ಮೊದಲ ಗೋಲು ಹೊಡೆದರು. ಬಗಾನ್ ಪರ ಚೀಮಾ ಒಂದು ಹೊಡೆದರು. ಉಳಿದದ್ದೆಲ್ಲ ಬೈಚುಂಗ್. ಹ್ಯಾಟ್ರಿಕ್. 4-1. ಕೊನೆಗೆ ನಮ್ಮ ಗ್ಯಾಲರಿಯಲ್ಲಿ ಜನ ಪೇಪರ್ ಸುತ್ತಿ ಪಂಜು ಹಚ್ಚಿದರು. ನಮ್ಮ ಕ್ಲಬ್‌ನ ಗುರುತೇ ಉರಿಯುವ ಪಂಜು, ಬಂಗಾಳಿಯಲ್ಲಿ ಮಶಾಲ್. ಒಂದು ಗೋಡೆಯಷ್ಟು ಎತ್ತರಕ್ಕೆ ಬೆಂಕಿಯ ಸಾಲು. ಎದುರಿನ ಅರ್ಧ ಕ್ರೀಡಾಂಗಣದಲ್ಲಿ ಸದ್ದೇ ಇಲ್ಲ. ನಾನು ಅವತ್ತು ನಮ್ಮ ಬೆಂಕಿಗಿಂತ ಜಾಸ್ತಿ ನೋಡಿದ್ದು ಆ ಕಡೆಯನ್ನು. ಅಷ್ಟು ಜನ ಒಟ್ಟಿಗೆ ಮೌನವಾಗಿ ಕೂತಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಮನೆಗೆ ಬಂದಾಗ ಅಜ್ಜಿ ಮೆಟ್ಟಿಲಲ್ಲೇ ಇದ್ದರು. ನಾನು ನಾಲ್ಕು ಬೆರಳು ತೋರಿಸಿದೆ. ಅವರು ನನ್ನ ಕೈ ಹಿಡಿದುಕೊಂಡು ತುಂಬಾ ಹೊತ್ತು ಬಿಡಲಿಲ್ಲ.

ಈಗ ಆ ಹುಡುಗನ ಪ್ರಶ್ನೆಗೆ ಬರ್ತೀನಿ. ಐಎಸ್‌ಎಲ್‌ನ ಮೊದಲ ಡರ್ಬಿ 2020ರ ನವೆಂಬರ್ 27ರಂದು ಗೋವಾದ ವಾಸ್ಕೋದಲ್ಲಿ ನಡೆಯಿತು. ಕೋವಿಡ್ ಕಾಲ, ಗ್ಯಾಲರಿ ಖಾಲಿ. ಅದು ನಮ್ಮ ಕ್ಲಬ್‌ಗೆ ನೂರು ತುಂಬಿದ ವರ್ಷ. 0-2 ಸೋತೆವು. ಆಮೇಲೆ ಸೋಲುತ್ತಲೇ ಹೋದೆವು. ಎಲ್ಲಕ್ಕಿಂತ ಆಳಕ್ಕೆ ಇಳಿದದ್ದು 2022ರ ಜನವರಿ 29ರ ಮ್ಯಾಚ್. ಮೊದಲ ಗೋಲು ನಮ್ಮದು. ಆಮೇಲೆ ಬಗಾನ್ ಒಬ್ಬ ಹುಡುಗನನ್ನು ಸಬ್‌ಸ್ಟಿಟ್ಯೂಟ್ ಆಗಿ ಇಳಿಸಿತು, ಕಿಯಾನ್ ನಸ್ಸೀರಿ. ಅವನು ಹ್ಯಾಟ್ರಿಕ್ ಹೊಡೆದ. 1-3. ಅವನ ಅಪ್ಪ ಯಾರು ಗೊತ್ತಲ್ವಾ? ಜಮ್ಶಿದ್ ನಸ್ಸೀರಿ. ಇರಾನಿನಿಂದ ಬಂದು 80ರ ದಶಕದಲ್ಲಿ ನಮ್ಮ ಅಂಗಿ ತೊಟ್ಟು ಗೋಲು ಹೊಡೆದ ಜಮ್ಶಿದ್. ನಮ್ಮ ಹಳಬರು ಹೆಗಲ ಮೇಲೆ ಹೊತ್ತು ಮೆರೆಸಿದ ಜಮ್ಶಿದ್. ಅವರ ಮಗ ನಮ್ಮ ಎದೆಗೇ ಮೂರು ಸಲ ಹೊಡೆದ. ಅವತ್ತು ನನಗೆ ಊಟ ಸೇರಲಿಲ್ಲ.

ಆದರೆ ನೋಡಿ, ಆವತ್ತಿನ ನೋವೇ ನನ್ನ ಉತ್ತರ. ಬೇರೆ ಯಾವ ತಂಡದ ವಿರುದ್ಧ ಸೋತಾಗಲೂ ನನಗೆ ಹಾಗೆ ಆಗಿಲ್ಲ. ಅದೇ ಸೀಸನ್‌ನಲ್ಲಿ ನಾವು ಟೇಬಲ್‌ನ ತಳದಲ್ಲಿದ್ದೆವು. ಬಹುತೇಕ ಎಲ್ಲರ ಹತ್ತಿರ ಸೋತೆವು. ಅವೆಲ್ಲ ಮರೆತು ಹೋಗಿದೆ. ನೆನಪಿರೋದು ಇದೊಂದು. ಪೈಪೋಟಿ ಉಳಿದಿದೆಯಾ ಅಂತ ನೋಡಬೇಕಾದರೆ ಯಾರು ಎಷ್ಟು ಗೆದ್ದರು ಅಂತ ಎಣಿಸಬೇಡಿ. ಸೋತವನಿಗೆ ಎಷ್ಟು ದಿನ ನೋವು ಇರುತ್ತೆ ಅಂತ ಕೇಳಿ.

ನಮ್ಮ ಕ್ಲಬ್ ಹುಟ್ಟಿದ್ದೇ ಬಗಾನ್ ಮ್ಯಾಚಿನಿಂದ. 1920ರ ಜುಲೈ 28. ಜೋಡಾಬಗಾನ್ ತಂಡ ಮೋಹನ್ ಬಗಾನ್ ಎದುರು ಆಡಬೇಕಿತ್ತು. ಶೈಲೇಶ್ ಬೋಸ್ ಅವರನ್ನು ತಂಡದಿಂದ ಕೈಬಿಟ್ಟರು. ಕ್ಲಬ್‌ನ ಉಪಾಧ್ಯಕ್ಷ ಸುರೇಶ್ ಚಂದ್ರ ಚೌಧುರಿ ಬೇಡ ಅಂದರೂ ಕೇಳಲಿಲ್ಲ. ಪೂರ್ವದವರು ಅನ್ನೋ ಕಾರಣಕ್ಕೇ ಹೀಗೆ ಮಾಡಿದರು ಅಂತ ನಮ್ಮವರು ಇವತ್ತಿಗೂ ಹೇಳುತ್ತಾರೆ. ಚೌಧುರಿ ಎದ್ದು ಹೊರಗೆ ಬಂದರು. ಆಗಸ್ಟ್ 1ಕ್ಕೆ ಈಸ್ಟ್ ಬೆಂಗಾಲ್ ಶುರುವಾಯ್ತು. ಬಗಾನ್ ಇಲ್ಲದಿದ್ದರೆ ನಾವೂ ಇರುತ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳೋಕೆ ನನಗೆ ಸಂಕೋಚ ಇಲ್ಲ.

ಹಸಿರುಮೆರೂನ್

ಅಣ್ಣ, ಪೂರ್ತಿ ಓದಿದೆ. 1997ರ ಭಾಗ ಬಂದಾಗ ಎರಡು ಸಲ ನಿಲ್ಲಿಸಿ ಮತ್ತೆ ಓದಿದೆ. ನೀವು ನೋಡಿದ ಆ 'ಮೌನದ ಕಡೆ'ಯಲ್ಲಿ ನಮ್ಮ ಮಾವ ಇದ್ದರು. ಕಲ್ಕತ್ತಾದಲ್ಲಿ ಇಪ್ಪತ್ತು ವರ್ಷ ಇದ್ದವರು, ನನಗೆ ಬಗಾನ್ ಹುಚ್ಚು ಹತ್ತಿಸಿದವರು. ಆ ದಿನದ ಬಗ್ಗೆ ಅವರು ನನ್ನ ಹತ್ತಿರ ಒಂದೇ ಒಂದು ಸಲ ಮಾತಾಡಿದ್ದಾರೆ. ಕ್ರೀಡಾಂಗಣದಿಂದ ಮನೆವರೆಗೆ ನಡೆದುಕೊಂಡೇ ಬಂದರಂತೆ. ಬಸ್ಸಿನಲ್ಲಿ ಯಾರಾದರೂ ಸ್ಕೋರ್ ಕೇಳಿಬಿಟ್ಟರೆ ಅಂತ.

ಈಗ ನಮ್ಮ ಕಡೆಯ ಮಾತು. ನೀವು ನಾಡಿನ ಹೆಸರು ಹೊತ್ತಿದ್ದೀರಿ, ಒಪ್ಪಿದೆ. ನಾವು ಹೊತ್ತಿರೋದು 1911ರ ಜುಲೈ 29. ಕಲ್ಕತ್ತಾದ ಹಳೇ ಕಪ್ ಆದ ಐಎಫ್‌ಎ ಶೀಲ್ಡ್‌ನ ಫೈನಲ್. ಎದುರಿಗೆ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟ್, ಬೂಟು ಹಾಕಿದ ಬ್ರಿಟಿಷ್ ಸೈನಿಕರು. ನಮ್ಮ ಹನ್ನೊಂದು ಜನರಲ್ಲಿ ಬೂಟು ಇದ್ದದ್ದು ಸುಧೀರ್ ಚಟರ್ಜಿ ಒಬ್ಬರಿಗೆ. ಉಳಿದವರು ಬರಿಗಾಲು. ಮೊದಲು ಗೋಲು ಬಿಟ್ಟುಕೊಟ್ಟೆವು. ಆಮೇಲೆ ಶಿವದಾಸ್ ಭಾದುರಿ ಸಮ ಮಾಡಿದರು, ಅಭಿಲಾಷ್ ಘೋಷ್ ಗೆಲ್ಲಿಸಿದರು. 2-1. ನಮ್ಮನ್ನು ಆಳುತ್ತಿದ್ದವರನ್ನು ಅವರದೇ ಆಟದಲ್ಲಿ, ಅವರದೇ ಕಪ್‌ಗಾಗಿ ಸೋಲಿಸಿದ್ದು. ಆಗ ಇನ್ನೂ ಸ್ವಾತಂತ್ರ್ಯಕ್ಕೆ 36 ವರ್ಷ ಬಾಕಿ ಇತ್ತು.

ನಿಮಗೆ ಗೊತ್ತಿರುತ್ತೆ, ಆದರೂ ಹೇಳ್ತೀನಿ. ಆ ಹನ್ನೊಂದು ಜನರಲ್ಲಿ ಹಲವರ ಬೇರು ನಿಮ್ಮ ಪೂರ್ವ ಬಂಗಾಳದಲ್ಲೇ ಇತ್ತು. ಕ್ಯಾಪ್ಟನ್ ಶಿವದಾಸ್ ಭಾದುರಿ ಫರೀದ್‌ಪುರದ ಕಡೆಯವರು. ಆಗ ಈಸ್ಟ್ ಬೆಂಗಾಲ್ ಕ್ಲಬ್ ಇರಲಿಲ್ಲ, ಇದ್ದದ್ದು ನಾವು. ಹಾಗಾಗಿ 1911 ನಿಮ್ಮ ಅಜ್ಜಿಯ ನಾಡಿಗೂ ಸೇರಿದ್ದು. ಅದನ್ನು ಕೊಡೋಕೆ ನನಗೆ ಬೇಜಾರಿಲ್ಲ.

1975 ಬಗ್ಗೆ ನೀವು ಬರೆದಿಲ್ಲ. ಬೇಕಂತಲೇ ಬಿಟ್ಟಿದ್ದೀರಿ ಅಂತ ಗೊತ್ತು. ಅದಕ್ಕೆ ಥ್ಯಾಂಕ್ಸ್. ಆದರೆ ಬರೆಯದೇ ಇದ್ದರೆ ಚರ್ಚೆ ಪೂರ್ತಿ ಆಗಲ್ಲ, ನಾನೇ ಬರೀತೀನಿ. ಸೆಪ್ಟೆಂಬರ್ 30, ಶೀಲ್ಡ್ ಫೈನಲ್, ಈಸ್ಟ್ ಬೆಂಗಾಲ್ 5, ಬಗಾನ್ 0. ಶ್ಯಾಮ್ ಥಾಪಾ ಎರಡು ಗೋಲು. ಐವತ್ತು ವರ್ಷ ದಾಟಿದೆ. ಈಗಲೂ ಯಾವ ಬಗಾನ್ ಅಭಿಮಾನಿಗಾದರೂ ಐದು ಬೆರಳು ತೋರಿಸಿ, ಮುಖ ನೋಡಿ. ಮುಂದಿನ ವರ್ಷ ಪಿ.ಕೆ. ನಮ್ಮ ಕೋಚ್ ಆಗಿ ಬಂದರು. 1976ರ ಲೀಗ್ ಡರ್ಬಿಯಲ್ಲಿ ಅಕ್ಬರ್ 17ನೇ ಸೆಕೆಂಡಿಗೇ ಗೋಲು ಹೊಡೆದರು. ಆ ಒಂದು ಗೋಲಿನಲ್ಲೇ ಗೆದ್ದೆವು. ನಮ್ಮ ಮಾವ ಹೇಳುತ್ತಿದ್ದರು, ಆ 17 ಸೆಕೆಂಡಿನಲ್ಲಿ ಒಂದು ವರ್ಷದ ಉಸಿರು ಹೊರಗೆ ಬಂತು ಅಂತ.

ಮತ್ತೆ 2009ರ ಅಕ್ಟೋಬರ್ 25. ನಾವು 5-3ರಲ್ಲಿ ಗೆದ್ದೆವು. ಚಿಡಿ ಎಡೆ ಒಬ್ಬನೇ ನಾಲ್ಕು ಗೋಲು. ಈ ಮ್ಯಾಚ್ ನಾನು ಟಿವಿಯಲ್ಲಿ ನೋಡಿದ್ದು. ಮಾವ ಪಕ್ಕದಲ್ಲಿದ್ದರು. ಐದನೇ ಗೋಲಿಗೆ ಅವರು ಕೂಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು ಅಷ್ಟೇ.

ಆಫ್‌ಸೈಡ್

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ಆದರೆ ನನಗೆ ಎರಡು ಅನುಮಾನ ಇದೆ, ಮುಚ್ಚಿಡದೆ ಕೇಳ್ತೀನಿ. ತಪ್ಪು ತಿಳಿಯಬೇಡಿ.

ಒಂದು, ಆಟದ ಮಟ್ಟ. ನಾನು ಯುರೋಪಿನ ಲೀಗ್ ನೋಡಿಕೊಂಡು ಬೆಳೆದವನು. ಡರ್ಬಿ ಅಂತ ನಾಲ್ಕೈದು ಸಲ ಕೂತು ನೋಡಿದೆ. ಪಾಸ್ ಮೂರಕ್ಕೆ ಮುರಿಯುತ್ತೆ, ಮಿಡ್‌ಫೀಲ್ಡ್‌ನಲ್ಲಿ ಬರೀ ಫೌಲ್. ನೆನಪು ಎಷ್ಟೇ ದೊಡ್ಡದಿರಲಿ, ಮೈದಾನದಲ್ಲಿ ಆಟ ಕಾಣಬೇಕಲ್ವಾ?

ಎರಡು, ಈ ಜಗಳ ಬಂಗಾಳಿಗಳದು. ಘೋಟಿ, ಬಾಂಗಾಲ್, ಇಲಿಷ್, ಸಿಗಡಿ. ನಾವು ಕನ್ನಡಿಗರು ಇದರಲ್ಲಿ ಯಾಕೆ ಬಣ್ಣ ಬಳಿದುಕೊಳ್ಳಬೇಕು? ಎರವಲು ತಂದ ಭಾವನೆ ಎಷ್ಟು ದಿನ ಉಳಿಯುತ್ತೆ?

ಮಶಾಲ್97

ತಪ್ಪು ಯಾಕೆ ತಿಳೀಲಿ, ಸರಿಯಾಗಿಯೇ ಕೇಳಿದ್ದೀರಿ.

ಎರಡನೇದಕ್ಕೆ ಮೊದಲು ಉತ್ತರ ಕೊಡ್ತೀನಿ, ಯಾಕೆಂದರೆ ಅದು ನನಗೆ ಹತ್ತಿರದ್ದು. ಈಸ್ಟ್ ಬೆಂಗಾಲ್‌ನ ಇತಿಹಾಸದಲ್ಲೇ ದೊಡ್ಡ ಫಾರ್ವರ್ಡ್ ಸಾಲು ಯಾವುದು ಅಂತ ಯಾವ ಬಾಂಗಾಲ್ ಹಿರಿಯರನ್ನಾದರೂ ಕೇಳಿ. 'ಪಂಚ ಪಾಂಡವರು' ಅಂತಾರೆ. ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ವೆಂಕಟೇಶ್, ಸಾಲೇ. ಐದೂ ಜನ ದಕ್ಷಿಣದವರು. ಅಹ್ಮದ್ ಖಾನ್ ಮತ್ತು ಧನರಾಜ್ ಬೆಂಗಳೂರಿನವರು. ಇವರು ಆಡುತ್ತಿದ್ದ ಕಾಲದಲ್ಲೇ ಕ್ಲಬ್ 1949, 1950, 1951 ಸತತ ಮೂರು ಸಲ ಶೀಲ್ಡ್ ಗೆದ್ದಿತು.

ಆ ವರ್ಷಗಳನ್ನು ಗಮನಿಸಿ. ದೇಶ ಒಡೆದು ಎರಡು ವರ್ಷ ಆಗಿದೆ. ಕಲ್ಕತ್ತಾದ ಶಿಯಾಲದಾ ಸ್ಟೇಷನ್ ತುಂಬ ನಿರಾಶ್ರಿತರು. ಮನೆ ಇಲ್ಲ, ಕೆಲಸ ಇಲ್ಲ, ಮಾತಾಡಿದರೆ ಧಾಟಿ ಕೇಳಿ ಆಡಿಕೊಳ್ಳುತ್ತಾರೆ. ಅಂಥವರು ಸಂಜೆ ಮೈದಾನಕ್ಕೆ ಹೋಗಿ ಬೇಲಿ ಹಿಡಿದು ನಿಂತು ನೋಡಿದ್ದು ಯಾರನ್ನು? ಬಂಗಾಳಿ ಮಾತೃಭಾಷೆಯಲ್ಲದ ಐದು ಹುಡುಗರನ್ನು. ಅಹ್ಮದ್ ಖಾನ್ ಬರಿಗಾಲಲ್ಲಿ ಚೆಂಡು ಆಡಿಸುತ್ತಿದ್ದರೆ ಹಾವಾಡಿಗ ಅಂತ ಕರೆಯುತ್ತಿದ್ದರಂತೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ನಮ್ಮ ದೇಶಕ್ಕೆ ಹತ್ತು ಗೋಲು ಹೊಡೆಯಿತು. ನಮ್ಮದು ಒಂದೇ ಗೋಲು, ಅದು ಅಹ್ಮದ್ ಖಾನ್ ಅವರದು.

ಮನೆ ಕಳೆದುಕೊಂಡ ಅಷ್ಟು ಜನಕ್ಕೆ ತಲೆ ಎತ್ತಿ ನಡೆಯೋ ಹಾಗೆ ಮಾಡಿದವರಲ್ಲಿ ನಮ್ಮ ಕಡೆಯ ಇಬ್ಬರು ಇದ್ದರು. ಈಗ ಹೇಳಿ, ಇದು ಎರವಲಾ?

ಬಗಾನ್‌ಗೂ ಹೀಗೇ. ಬೆಂಗಳೂರಿನ ಅರುಮೈನಾಯಗಂ 60ರ ದಶಕದಲ್ಲಿ ಹಸಿರು-ಮೆರೂನ್ ತೊಟ್ಟು ಓಡಿದವರು. 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿ ಇದ್ದವರು. ಹಸಿರುಮೆರೂನ್ ಅವರ ಮಾವ ಈ ಹೆಸರು ಖಂಡಿತ ಕೇಳಿರುತ್ತಾರೆ.

ಇನ್ನು ಆಟದ ಮಟ್ಟ. ಇಲ್ಲಿ ನಿಮ್ಮ ಮಾತು ಅರ್ಧ ನಿಜ. ಕೆಲವು ಡರ್ಬಿ ನೋಡೋಕೆ ಕಷ್ಟ. ಅದಕ್ಕೆ ಹೆದರಿಕೆಯೇ ಕಾರಣ. ಸೋತರೆ ವರ್ಷ ಪೂರ್ತಿ ಕೇಳಬೇಕು ಅನ್ನೋದು ಆಟಗಾರರಿಗೂ ಗೊತ್ತಿರುತ್ತೆ. ಹಾಗಾಗಿ ಡಿಫೆಂಡರ್ ಚೆಂಡು ಸಿಕ್ಕ ತಕ್ಷಣ ಎತ್ತಿ ಹೊಡೀತಾನೆ. ಮೊದಲ ಇಪ್ಪತ್ತು ನಿಮಿಷ ಯಾರೂ ಚೆಂಡನ್ನು ಕಾಲಲ್ಲಿ ಇಟ್ಟುಕೊಳ್ಳಲ್ಲ. ನಾನು ಆ ಇಪ್ಪತ್ತು ನಿಮಿಷದಲ್ಲಿ ಚೆಂಡು ನೋಡೋದು ಬಿಟ್ಟು ಆಟಗಾರರನ್ನು ನೋಡ್ತೀನಿ. ಯಾರು ಚೆಂಡು ಕೇಳಿ ಓಡಿ ಬರುತ್ತಿದ್ದಾನೆ, ಯಾರು ಎದುರಾಳಿ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದಾನೆ. ಡರ್ಬಿ ಆಟಗಾರ ಯಾರು ಅಂತ ಅಲ್ಲೇ ಗೊತ್ತಾಗಿಬಿಡುತ್ತೆ. 2023ರ ಆಗಸ್ಟ್ 12, ಡುರಾಂಡ್ ಕಪ್. ನಮ್ಮ ನಂದಕುಮಾರ್ ಬಲಗಡೆ ಪ್ರತಿ ಸಲ ಚೆಂಡು ಕೇಳುತ್ತಿದ್ದ. ಅಲ್ಲಿಂದ ಒಳಗೆ ತಿರುಗಿ ಎಡಗಾಲಲ್ಲಿ ಹೊಡೆದ. 1-0. ನಾಲ್ಕೂವರೆ ವರ್ಷ ಆದ ಮೇಲೆ ಬಂದ ಗೆಲುವು. ಆ ಗೋಲನ್ನು ನೀವು ಯಾವ ದೇಶದ ಲೀಗ್ ಪಕ್ಕದಲ್ಲಾದರೂ ಇಡಿ.

ಎಡಗಾಲು

ಕಾರ್ಲ್ಟನ್ ಚಾಪ್‌ಮನ್ ಹೆಸರು ಬರದೇ ಈ ಚರ್ಚೆ ಮುಂದೆ ಹೋಗಬಾರದು. ಬೆಂಗಳೂರಿನ ಹುಡುಗ. 1993ರಲ್ಲಿ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ವಿರುದ್ಧ ಈಸ್ಟ್ ಬೆಂಗಾಲ್ 6-2. ಚಾಪ್‌ಮನ್ ಹ್ಯಾಟ್ರಿಕ್. 2001ರಲ್ಲಿ ಕ್ಲಬ್ ಮೊದಲ ಸಲ ನ್ಯಾಷನಲ್ ಲೀಗ್ ಗೆದ್ದಾಗ ಕ್ಯಾಪ್ಟನ್. 2020ರ ಅಕ್ಟೋಬರ್‌ನಲ್ಲಿ ತೀರಿಕೊಂಡರು, 49 ವರ್ಷ. ಆ ಸುದ್ದಿಗೆ ಬಗಾನ್ ಅಭಿಮಾನಿಗಳೂ ಕಣ್ಣೀರು ಹಾಕಿ ಬರೆದದ್ದನ್ನು ನಾನು ಓದಿದ್ದೇನೆ.

ಮೂರನೇಗ್ಯಾಲರಿ

ಎಲ್ಲರೂ ಪ್ರೀತಿಯಿಂದ ಬರೆಯುತ್ತಿದ್ದೀರಿ. ನಾನು ಒಂದು ಕಹಿ ವಿಷಯ ಎತ್ತುತ್ತೇನೆ.

1980ರ ಆಗಸ್ಟ್ 16. ಈಡನ್ ಗಾರ್ಡನ್ಸ್. ಲೀಗ್ ಡರ್ಬಿ. ಮೈದಾನದಲ್ಲಿ ಇಬ್ಬರು ಆಟಗಾರರ ನಡುವೆ ಜಗಳ, ರೆಡ್ ಕಾರ್ಡ್. ಆ ಬಿಸಿ ಗ್ಯಾಲರಿಗೆ ಹತ್ತಿತು. ಎರಡೂ ಕಡೆಯವರನ್ನು ಒಂದೇ ಸ್ಟ್ಯಾಂಡ್‌ನಲ್ಲಿ ಕೂರಿಸಿದ್ದರು. ಕಲ್ಲು, ಹೊಡೆದಾಟ, ಆಮೇಲೆ ಕಾಲ್ತುಳಿತ. 16 ಜನ ಸತ್ತರು. ಮ್ಯಾಚ್ ನೋಡೋಕೆ ಅಂತ ಮನೆಯಿಂದ ಹೊರಟು ವಾಪಸ್ ಬರದ 16 ಜನ.

ನಾನು ಯಾವ ಬಣ್ಣದವನೂ ಅಲ್ಲ. ಫುಟ್‌ಬಾಲ್ ಇಷ್ಟ ಅಷ್ಟೇ. 'ಸೋತವನಿಗೆ ಎಷ್ಟು ದಿನ ನೋವು ಇರುತ್ತೆ ಅಂತ ಕೇಳಿ' ಅಂತ ಮೇಲೆ ಬರೆದಿದ್ದೀರಿ. ಆ ಮಾತು ಓದಿ ನನಗೆ ಸ್ವಲ್ಪ ಭಯ ಆಯಿತು. ನೋವನ್ನೇ ಅಳತೆಗೋಲು ಮಾಡಿಕೊಂಡರೆ, ಆ ನೋವು ಕೈಗೆ ಕಲ್ಲು ಕೊಡೋದು ಯಾವಾಗ ಅಂತ ಯಾರಿಗೆ ಗೊತ್ತು?

ಮಶಾಲ್97

ಸರ್, ಇದಕ್ಕೆ ತಕ್ಷಣ ಬರೆಯೋಕೆ ಆಗಲಿಲ್ಲ. ಒಂದು ದಿನ ತಗೊಂಡೆ.

ನಮ್ಮ ಮನೆ ಓನರ್ ಅಲ್ಲಿದ್ದರು. 1980ರಲ್ಲಿ, ಈಡನ್‌ನಲ್ಲಿ. 1997ರ ಮ್ಯಾಚಿಗೆ ಹೋಗುವಾಗ ಬಸ್ಸಿನಲ್ಲಿ ನನಗೆ ಹೇಳಿದರು. ಗದ್ದಲ ಶುರುವಾದರೆ ಕೆಳಗೆ ಓಡಬೇಡ, ಮೇಲಿನ ಗೋಡೆಗೆ ಒರಗಿ ನಿಲ್ಲು ಅಂತ. ಮೊದಲು ನನಗೆ ಅರ್ಥ ಆಗಲಿಲ್ಲ. ಆಮೇಲೆ ಅವರು ಆ ಹದಿನಾರು ಜನರ ವಿಷಯ ಹೇಳಿದರು. ಸತ್ತವರಲ್ಲಿ ಯಾರು ಯಾವ ತಂಡದವರು ಅಂತ ಕೇಳಿದೆ. ಚಿಕ್ಕ ವಯಸ್ಸು, ಬಾಯಿಗೆ ಬಂದಿದ್ದು ಕೇಳಿಬಿಟ್ಟೆ. ಅವರು ನನ್ನ ಮುಖ ನೋಡಿ, ಅದನ್ನು ನಾವು ಯಾರೂ ಕೇಳಲ್ಲ ಅಂದರು.

ಆ ದಿನವನ್ನು ಈಗ 'ಫುಟ್‌ಬಾಲ್ ಪ್ರೇಮಿಗಳ ದಿನ' ಅಂತ ಆಚರಿಸುತ್ತಾರೆ. ಪ್ರತಿ ಆಗಸ್ಟ್ 16ಕ್ಕೆ ರಕ್ತದಾನ. ಎರಡೂ ಕಡೆಯವರು ಹೋಗುತ್ತಾರೆ. ನಾನು ಅಲ್ಲಿದ್ದಷ್ಟು ವರ್ಷ ಕೊಟ್ಟಿದ್ದೇನೆ.

ನಿಮ್ಮ ಭಯ ಸುಳ್ಳಲ್ಲ. 1980 ಆದ ಮೇಲೂ ಕಲ್ಲು ಬಿದ್ದಿವೆ. 2012ರ ಡಿಸೆಂಬರ್‌ನಲ್ಲಿ ಗ್ಯಾಲರಿಯಿಂದ ಬಂದ ಏಟಿಗೆ ಬಗಾನ್‌ನ ರಹೀಂ ನಬಿ ಗಾಯಗೊಂಡರು. ಅರ್ಧಕ್ಕೇ ಮ್ಯಾಚ್ ನಿಂತಿತು. ಅದನ್ನು ನಾನು ಯಾವ ಮಾತಿನಿಂದಲೂ ಮುಚ್ಚಲ್ಲ. ನನ್ನ ಮೊದಲಿನ ಮಾತನ್ನು ಸ್ವಲ್ಪ ತಿದ್ದಿಕೊಳ್ತೀನಿ. ನೋವು ಇರಲಿ. ಆದರೆ ಆ ನೋವು ಎದುರಿನವನಿಗೂ ಹೀಗೇ ಆಗುತ್ತೆ ಅಂತ ಗೊತ್ತಿರಬೇಕು. ಅದು ಗೊತ್ತಿರುವವನ ಕೈಗೆ ಕಲ್ಲು ಬರಲ್ಲ ಅಂತ ನಾನು ನಂಬಿದ್ದೇನೆ.

ಹಸಿರುಮೆರೂನ್

ಮೂರನೇಗ್ಯಾಲರಿ ಅವರಿಗೆ ನಾನೂ ಒಂದು ಮಾತು ಹೇಳಬೇಕು.

2024ರ ಆಗಸ್ಟ್ 18ಕ್ಕೆ ಡುರಾಂಡ್ ಕಪ್ ಡರ್ಬಿ ಇತ್ತು. ಅದಕ್ಕೆ ಒಂಬತ್ತು ದಿನ ಮುಂಚೆ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಮೇಲೆ ಅತ್ಯಾಚಾರ, ಕೊಲೆ ನಡೆದಿತ್ತು. ಊರಿಡೀ ಬೀದಿಗಿಳಿದಿತ್ತು. ಗ್ಯಾಲರಿಯಲ್ಲಿ ಎರಡೂ ಕಡೆಯವರು ನ್ಯಾಯ ಕೇಳಿ ಬ್ಯಾನರ್ ಹಿಡಿಯೋಕೆ ಸಿದ್ಧರಾಗಿದ್ದರು. ಅಷ್ಟರಲ್ಲಿ ಭದ್ರತೆ ಕೊಡೋಕೆ ಆಗಲ್ಲ ಅಂತ ಮ್ಯಾಚ್ ರದ್ದಾಯ್ತು.

ಮ್ಯಾಚ್ ಇಲ್ಲದಿದ್ದರೂ ಜನ ಬಂದರು. ಸಾಲ್ಟ್ ಲೇಕ್ ಹೊರಗೆ, ಮಳೆಯಲ್ಲಿ. ಕೆಂಪು-ಹಳದಿ, ಹಸಿರು-ಮೆರೂನ್, ಊರಿನ ಇನ್ನೊಂದು ಕ್ಲಬ್ ಮೊಹಮ್ಮದನ್ ಸ್ಪೋರ್ಟಿಂಗ್‌ನ ಕಪ್ಪು-ಬಿಳಿಯೂ ಸೇರಿ. ಪೊಲೀಸರು ಲಾಠಿ ಬೀಸಿದರು. ಒಬ್ಬ ಬಗಾನ್ ಅಂಗಿಯವನ ಹೆಗಲ ಮೇಲೆ ಈಸ್ಟ್ ಬೆಂಗಾಲ್ ಅಂಗಿಯವನು ಕೂತು ಘೋಷಣೆ ಕೂಗುತ್ತಿದ್ದ ಫೋಟೋ ಮಾವನಿಗೆ ತೋರಿಸಿದೆ. ತುಂಬಾ ಹೊತ್ತು ಹಿಡಿದುಕೊಂಡು ನೋಡಿದರು. ಆಮೇಲೆ ಕೇಳಿದರು, "ಕೆಳಗಿರೋನು ನಮ್ಮವನು ತಾನೇ?" ಹೌದು ಅಂದೆ. "ಒಳ್ಳೇದಾಯ್ತು, ಹೊತ್ತಿದ್ದಾನೆ" ಅಂದರು.

ಲಾಂಗ್‌ಥ್ರೋ

ನನಗೆ ಇನ್ನೊಂದು ಚಿಂತೆ. ಕ್ಲಬ್‌ಗಳು ಈಗ ಕಂಪನಿಗಳ ಕೈಯಲ್ಲಿವೆ. ಹನ್ನೊಂದು ಜನರಲ್ಲಿ ಬಂಗಾಳದವರು ಎಷ್ಟು ಜನ? ಆಟಗಾರ ಇವತ್ತು ಇಲ್ಲಿ, ನಾಳೆ ಅಲ್ಲಿ. ಹೀಗಿದ್ದರೆ ಡರ್ಬಿ ಬರೀ ಹೆಸರಿಗೆ ಉಳಿಯುತ್ತಾ?

ಮಶಾಲ್97

ಆಟಗಾರ ಅತ್ತಿಂದಿತ್ತ ಹೋಗೋದು ಹೊಸದಲ್ಲ. ಬೈಚುಂಗ್ ನಮ್ಮಲ್ಲೇ ಬೆಳೆದು ಬಗಾನ್‌ಗೂ ಹೋದರು. ಕೃಶಾನು ದೇ ಬಗಾನ್‌ನಿಂದ ನಮ್ಮಲ್ಲಿಗೆ ಬಂದು ನಮ್ಮ ಕಣ್ಮಣಿಯಾದರು. ಸುನಿಲ್ ಛೆಟ್ರಿ ಶುರು ಮಾಡಿದ್ದು ಬಗಾನ್‌ನಲ್ಲಿ, ಆಮೇಲೆ ನಮ್ಮ ಅಂಗಿಯನ್ನೂ ತೊಟ್ಟರು. ಪಿ.ಕೆ. ಅವರೇ 1975ರ 5-0 ಆದ ಮೇಲೆ ಆ ಕಡೆ ಹೋದರು. ಹೋಗೋರು ಹೋಗಲಿ, ಗ್ಯಾಲರಿ ಅಲ್ಲೇ ಇರುತ್ತೆ.

ಕಂಪನಿ ವಿಷಯಕ್ಕೆ ನಾನು ಬಗಾನ್ ಅಭಿಮಾನಿಗಳಿಗೆ ಕೈ ಮುಗೀತೀನಿ. 2020ರಲ್ಲಿ ಅವರ ಕ್ಲಬ್ ಹೆಸರಿನ ಮುಂದೆ ಎಟಿಕೆ ಅನ್ನೋ ಇನ್ನೊಂದು ಐಎಸ್‌ಎಲ್ ಕ್ಲಬ್‌ನ ಹೆಸರು ಸೇರಿಸಿದರು. ತಂಡ ಗೆಲ್ಲುತ್ತಿತ್ತು, ಆದರೂ ಜನ ಸುಮ್ನೆ ಕೂರಲಿಲ್ಲ. 'ಎಟಿಕೆ ತೆಗೆಯಿರಿ' ಅಂತ ಮೂರು ವರ್ಷ ಕೂಗಿದರು. 2023ರಲ್ಲಿ ತೆಗೆಸಿದರು. ಗೆಲ್ಲುವ ತಂಡದ ಅಭಿಮಾನಿಗಳು ಹೆಸರಿಗಾಗಿ ಹಟ ಹಿಡಿದದ್ದು ಸಣ್ಣ ಮಾತಲ್ಲ. ನಮ್ಮಲ್ಲೂ ಹೂಡಿಕೆದಾರರು ಬದಲಾಗುತ್ತಲೇ ಇದ್ದರು. ತಂಡ ಕೊನೆ ಗಳಿಗೆಯಲ್ಲಿ ಕಟ್ಟುತ್ತಿದ್ದರು. ಆದರೂ ಯಾರೂ ಕ್ಲಬ್ ಬಿಟ್ಟು ಹೋಗಲಿಲ್ಲ. 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದೆವು. ಹನ್ನೆರಡು ವರ್ಷ ಆದ ಮೇಲೆ ಬಂದ ದೇಶಮಟ್ಟದ ಕಪ್. ಆ ದಾರಿಯಲ್ಲಿ ಬಗಾನ್‌ನ 3-1ರಲ್ಲಿ ಸೋಲಿಸಿದ್ದೆವು. ನಮ್ಮ ಹೆಣ್ಣುಮಕ್ಕಳ ತಂಡ 2024-25ರ ಇಂಡಿಯನ್ ವಿಮೆನ್ಸ್ ಲೀಗ್ ಗೆದ್ದಿದೆ. ಇದನ್ನು ಯಾರೂ ಜಾಸ್ತಿ ಮಾತಾಡಲ್ಲ, ಅದಕ್ಕೇ ಹೇಳ್ತಿದ್ದೀನಿ.

ಆಫ್‌ಸೈಡ್

ಅಹ್ಮದ್ ಖಾನ್ ವಿಷಯ ನಿಜವಾಗಿಯೂ ಗೊತ್ತಿರಲಿಲ್ಲ. 'ಎರವಲು' ಅಂದಿದ್ದನ್ನು ವಾಪಸ್ ತಗೊಳ್ತೀನಿ. ಮುಂದಿನ ಡರ್ಬಿ ಪೂರ್ತಿ ನೋಡ್ತೀನಿ, ಮೊದಲ ಇಪ್ಪತ್ತು ನಿಮಿಷವೂ. ಇನ್ನೊಂದು ಕೇಳಬೇಕು. ನೀವಿಬ್ಬರೂ ಒಬ್ಬರಿಗೊಬ್ಬರು ಮೊದಲಿಂದ ಪರಿಚಯನಾ? ಮಾತು ಹಾಗೆ ಕಾಣುತ್ತೆ.

ಹಸಿರುಮೆರೂನ್

ಹೌದು. ಒಂದು ಹಳೇ ಡರ್ಬಿ ಬಗ್ಗೆ ಜಗಳ ಆಡಿಯೇ ಪರಿಚಯ ಆದವರು. ಈಗ ನಮ್ಮಲ್ಲಿ ಒಂದು ನಿಯಮ ಇದೆ. ಡರ್ಬಿ ಮುಗಿದ ಮೇಲೆ ಸೋತವರೇ ಫೋನ್ ಮಾಡಬೇಕು. ಗೆದ್ದವರು ಮಾಡೋ ಹಾಗಿಲ್ಲ, ಕಾಯಬೇಕು. ಅಣ್ಣ ಆ ಒಂಬತ್ತು ಸಲವೂ ಮಾಡಿದ್ದಾರೆ. ಕಿಯಾನ್ ಮ್ಯಾಚಿನ ದಿನ ಕೂಡ ಮಾಡಿದ್ದರು. ಮೂರು ಮಾತು ಆಡಿ ಇಟ್ಟರು, ಆದರೆ ಮಾಡಿದರು.

2025ರ ಆಗಸ್ಟ್ 17. ಡುರಾಂಡ್ ಕ್ವಾರ್ಟರ್ ಫೈನಲ್. ಏಪ್ರಿಲ್‌ನಲ್ಲಷ್ಟೇ ನಾವು ಐಎಸ್‌ಎಲ್ ಶೀಲ್ಡ್, ಕಪ್ ಎರಡನ್ನೂ ಗೆದ್ದು ಮುಗಿಸಿದ್ದೆವು. ಈಸ್ಟ್ ಬೆಂಗಾಲ್‌ನ ಡಿಯಮಾಂಟಕೋಸ್ ಎರಡು ಗೋಲು ಹೊಡೆದ. ನಾವು ಒಂದು ವಾಪಸ್ ಕೊಟ್ಟೆವು, ಸಾಕಾಗಲಿಲ್ಲ. 2-1. ನಾನು ಫೋನ್ ಕೈಯಲ್ಲಿ ಹಿಡಿದು ಮುಕ್ಕಾಲು ಗಂಟೆ ಕೂತಿದ್ದೆ. ಅವತ್ತು ಅರ್ಥ ಆಯಿತು, ಅಣ್ಣ ಅಷ್ಟು ಸಲ ಹೇಗೆ ಮಾಡಿರಬಹುದು ಅಂತ.

ಮಶಾಲ್97

ನಾನು ಆ ಮುಕ್ಕಾಲು ಗಂಟೆ ಫೋನ್ ಮುಂದೆಯೇ ಇದ್ದೆ. ಮನೆಯಲ್ಲಿ ಊಟಕ್ಕೆ ಕರೆದರು, ಎದ್ದು ಹೋಗಲಿಲ್ಲ. ನೀನು ಮಾಡದೇ ಇದ್ದರೆ ಅಂತ ಭಯ ಇತ್ತು. ಫೋನ್ ಬಂದಾಗ ಮೊದಲು ಕೇಳಿದ್ದು ನೆನಪಿದೆಯಾ? ಮಾವ ಹೇಗಿದ್ದಾರೆ, ಊಟ ಮಾಡಿದ್ರಾ ಅಂತ.

ಹಸಿರುಮೆರೂನ್

ನೆನಪಿದೆ ಅಣ್ಣ. ಮಾಡಿರಲಿಲ್ಲ. ನೀವು ಕೇಳಿದ್ರಿ ಅಂತ ಹೇಳಿದ ಮೇಲೆ ಎದ್ದು ಬಂದು ತಟ್ಟೆ ಮುಂದೆ ಕೂತರು.